ಅಕ್ಕನ ಮಗ ಡಿಗ್ರಿ ಬಿಟ್ಟು ರಗ್ಬಿ ಆಡ್ತೀನಿ ಅಂತಾನ, ಇದ್ರಾಗ ಜೀವನ ನಡೀತೈತೇನ್ರಿ?

ಕಾರಟಗಿ ಮಾವ
ಎಲ್ರಿಗೂ ನಮಸ್ಕಾರ್ರಿ. ನಂದು ಕಾರಟಗಿ, ಭತ್ತದ ವ್ಯಾಪಾರ. ನಮ್ಮಕ್ಕನ ಮಗ ಬೆಂಗಳೂರಾಗ ಬಿಕಾಂ ಎರಡನೇ ವರ್ಷ ಓದ್ತಾನ. ಊರಾಗಿದ್ದಾಗ ಕಬಡ್ಡಿ, ರೈಡರ್, ಜಿಲ್ಲಾ ಮಟ್ಟದ ತನಕ ಹೋಗಿದ್ದ. ಬೆಂಗಳೂರಿಗೆ ಹೋದಮ್ಯಾಲೆ ಹಾಸ್ಟೆಲ್ ಹುಡುಗ್ರ ಜತಿ ರಗ್ಬಿ ಹಚ್ಕೊಂಡಾನ. ಹಬ್ಬಕ್ಕ ಬಂದಾವ ಬ್ಯಾಗಿನಾಗಿಂದ ಬಟ್ಟಿಗಿಂತ ಮೊದ್ಲು ಆ ತತ್ತಿ ಆಕಾರದ ಚೆಂಡು ತೆಗದ. ಪಡಸಾಲ್ಯಾಗ ಕುಂತು ಅದನ್ನ ಗ್ವಾಡಿಗೆ ಒಗಿಯೋದು, ಹಿಡಿಯೋದು, ಮುಂಜಾನೆ ಐದಕ್ಕ ಎದ್ದು ಕಾಲುವಿ ದಂಡಿ ಮ್ಯಾಲೆ ಓಡೋದು. ಮೂರನೇ ದಿನ ಊಟಕ್ಕ ಕುಂತಾಗ ಹೇಳಿದ, ಮಾವ ನಾ ಡಿಗ್ರಿ ಬಿಡ್ತೀನಿ, ಪ್ರೊಫೆಷನಲ್ ರಗ್ಬಿ ಆಡ್ತೀನಿ, ಮುಂಬೈದಾಗ ಲೀಗ್ ಶುರು ಆಗೇತಿ, ಬೆಂಗಳೂರಿಂದೂ ಟೀಮ್ ಐತಿ ಅಂತ. ನಮ್ಮಕ್ಕ ತಾಟು ಬಿಟ್ಟು ಎದ್ಲು.

ಭಾವ ತೀರ್ಕೊಂಡು ಆರು ವರ್ಷ ಆತು, ಹುಡುಗನ ವಿಷಯ ಎಲ್ಲಾ ನನ್ನನ್ನ ಕೇಳ್ತಾಳ. ನನಗ ಭತ್ತದ ರೇಟ್ ಗೊತ್ತೈತಿ, ರಗ್ಬಿ ಗೊತ್ತಿಲ್ಲ. ಅವನ್ನ ಬೈಯಾಕ ಮನಸ್ಸಿಲ್ಲ, ಅವನ ಕಣ್ಣಾಗ ಅಂಥಾ ಬೆಳಕು ಅವ ಕಬಡ್ಡಿ ಆಡುವಾಗ್ಲೂ ನಾನು ನೋಡಿದ್ದಿಲ್ಲ. ಇದು ಉದ್ಯೋಗ ಅಂತ ಮಾಡಿದ್ರ ಎಷ್ಟು ವರ್ಷ ನಡೀತೈತಿ, ರೊಕ್ಕ ಹೆಂಗ, ಮುಂದೇನು, ತಿಳದಾವ್ರು ಹೇಳ್ರಿ.

ಕೋಟೆ ಏರಿಯಾ ಬಳ್ಳಾರಿ
ಅಣ್ಣ, ಮೊದ್ಲು ಡಿಗ್ರಿ ಮುಗಿಸು ಅಂತ ಹೇಳು. ಆಮೇಲೆ ಉಳಿದಿದ್ದು.

ಹಟ್ಟಿ ಹುಡುಗ
ಅಮೆರಿಕಾದಾಗ ಇದಕ್ಕ ಕೋಟಿಗಟ್ಟಲೆ ಕೊಡ್ತಾರ ಅಣ್ಣ, ಹೆಲ್ಮೆಟ್ ಹಾಕ್ಕೊಂಡು ಆಡ್ತಾರಲ್ಲ ಅದೇ ಅಲ್ಲೇನು?

ಸಿಂಧನೂರು ಪಿಟಿ ಮೇಷ್ಟ್ರು
ಅದಲ್ಲಪ್ಪ ತಮ್ಮಾ. ಹೆಲ್ಮೆಟ್ ಹಾಕೋದು ಅಮೆರಿಕನ್ ಫುಟ್‌ಬಾಲ್, ಅದು ಬ್ಯಾರೆ ಆಟ, ಅದ್ರಾಗ ಚೆಂಡು ಮುಂದಕ್ಕ ಒಗೀಬಹುದು. ರಗ್ಬಿದಾಗ ಕೈಲೆ ಮುಂದಕ್ಕ ಒಗಿಯಂಗಿಲ್ಲ, ಹಿಂದಕ್ಕ ಕೊಡ್ತಾ ಕೊಡ್ತಾ ಮುಂದಕ್ಕ ಹೋಗ್ಬೇಕು. ಗೆರಿ ದಾಟಿ ಚೆಂಡು ನೆಲಕ್ಕ ಒತ್ತಿದ್ರ 5 ಪಾಯಿಂಟ್, ಅದಕ್ಕ ಟ್ರೈ ಅಂತಾರ. ಆಮೇಲೆ ಕಂಬದ ನಡುವ ಒದ್ದು ದಾಟಿಸಿದ್ರ ಇನ್ನೂ 2.

ಕಾರಟಗಿ ಮಾವಾರೆ, ಒಂದು ಮೊದ್ಲ ಸ್ಪಷ್ಟ ಮಾಡ್ಕೋರಿ. ರಗ್ಬಿ ಯೂನಿಯನ್ ಅಂತ ಜಗತ್ತು ಕರಿಯೋದು 15 ಜನರ ಆಟ, 80 ನಿಮಿಷ. ನಿಮ್ಮ ಹುಡುಗ ನೋಡಿದ ಮುಂಬೈ ಲೀಗ್ ಸೆವೆನ್ಸ್, ಒಂದು ತಂಡಕ್ಕ 7 ಜನ. 2025ರ ಜೂನ್‌ದಾಗ ಮೊದ್ಲ ಸೀಸನ್ ಆತು, ಆರು ತಂಡ, ಚೆನ್ನೈ ಗೆದ್ದಿತು. ಒಲಿಂಪಿಕ್ಸ್‌ನ್ಯಾಗ 2016ರಿಂದ ಇರೋದೂ ಸೆವೆನ್ಸೇ. ಆ ಲೀಗ್ ನಡದಿದ್ದು ಬರೇ ಎರಡು ವಾರ. ಎರಡು ವಾರದ ರೊಕ್ಕದಾಗ ವರ್ಷ ತೆಗಿಯಾಕ ಆಗಂಗಿಲ್ಲ. ತಂಡದಾಗ ಹೊರದೇಶದಾವ್ರು ತುಂಬಿದಮ್ಯಾಲೆ ನಮ್ಮ ಹುಡುಗ್ರಿಗೆ ಉಳಿಯೋ ಜಾಗ ಬೆರಳೆಣಿಕಿ. ವರ್ಷಪೂರ್ತಿ ಸಂಬಳದ ರಗ್ಬಿ ಬೇಕಂದ್ರ ಇಂಗ್ಲೆಂಡ್, ಫ್ರಾನ್ಸ್, ಜಪಾನ್ ಅಂಥಾ ಕಡಿ.

ಹುಡುಗ ಯಾವ ಪೊಸಿಷನ್? ತೂಕ ಎಷ್ಟು?

ಕಾರಟಗಿ ಮಾವ
ಮೇಷ್ಟ್ರೇ ಧನ್ಯವಾದ, ಈ 7ರ ಲೆಕ್ಕ ಅವ ನನಗ ಹೇಳೇ ಇಲ್ಲ. ವಿಂಗ್ ಅಂತಾನ, ತುದಿಗೆ ಓಡೋದಂತ. 72 ಕೆಜಿ ಅದಾನ, ಎತ್ತರ ಐದು ಎಂಟು.

ಜೋಳದ ರೊಟ್ಟಿ ರಾಯಚೂರು
ಎತ್ತರ ಕಮ್ಮಿ ಅಂತ ಯಾರೂ ಹೆದರಿಸಬ್ಯಾಡ್ರಿ. ದಕ್ಷಿಣ ಆಫ್ರಿಕಾದ ಚೆಸ್ಲಿನ್ ಕೋಲ್ಬಿನೂ ಅಷ್ಟೇ ಎತ್ತರ, ವಿಂಗೇ, 2019ರ ವರ್ಲ್ಡ್ ಕಪ್ ಫೈನಲ್‌ನಲ್ಲಿ ಟ್ರೈ ಹೊಡದಾನ. ಆ ಟೀಮಿನ ಕ್ಯಾಪ್ಟನ್ ಸಿಯಾ ಕೊಲಿಸಿ ಕಥಿ ಗೊತ್ತದೇನು? ಪೋರ್ಟ್ ಎಲಿಜಬೆತ್ ಹತ್ರ ಜ್ವಿಡೆ ಅಂತ ಬಡವರ ಕೇರಿ, ಅಜ್ಜಿ ಸಾಕ್ಯಾಳ. ಮೊದಲ್ನೇ ಟ್ರಯಲ್‌ಗೆ ಹಾಕ್ಕೊಳ್ಳಿಕ್ಕೆ ಚಡ್ಡಿ ಇಲ್ದೆ ಒಳಚಡ್ಡಿ ಮ್ಯಾಲೆ ಆಡ್ಯಾನ. 2007ರಾಗ ಅವರ ದೇಶ ವರ್ಲ್ಡ್ ಕಪ್ ಗೆದ್ದಾಗ ಮನ್ಯಾಗ ಟಿವಿ ಇಲ್ದೆ ಹೊರಗ ಹೋಗಿ ಮ್ಯಾಚ್ ನೋಡ್ಯಾನ. ಅದೇ ಹುಡುಗ 2018ರಾಗ ದೇಶದ ಟೆಸ್ಟ್ (ರಗ್ಬಿದಾಗ ಅಂತಾರಾಷ್ಟ್ರೀಯ ಪಂದ್ಯಕ್ಕ ಹಂಗಂತಾರ) ತಂಡದ ಮೊದಲ ಕಪ್ಪು ಜನಾಂಗದ ಕ್ಯಾಪ್ಟನ್ ಆಗಿ, 2019, 2023 ಎರಡೂ ಸಲ ಕಪ್ ಎತ್ಯಾನ. ಅವನ ಅಜ್ಜಿನೂ ಬ್ಯಾಡ ಅಂದಿದ್ರ? ಹುಡುಗನ್ನ ಬಿಡ್ರಿ ಮಾವಾರೆ.

ಕೋಟೆ ಏರಿಯಾ ಬಳ್ಳಾರಿ
ಅವನು ಒಬ್ಬ ಮೇಲೆ ಬಂದ, ಅದೇ ಕೇರಿಯಿಂದ ಎಷ್ಟು ಹುಡುಗ್ರು ಓಡಿ ಎಲ್ಲೂ ಮುಟ್ಟದೇ ಹೋದ್ರೋ ಅವರ ಕಥೆ ಯಾರು ಹೇಳ್ತಾರೆ. ಇನ್ನೊಂದು ಮಾತು, ಅವನಿಗೆ 12 ವರ್ಷಕ್ಕೇ ದೊಡ್ಡ ಶಾಲೇಲಿ ಸ್ಕಾಲರ್‌ಶಿಪ್ ಸಿಕ್ಕಿತ್ತು, ಊಟ ಓದು ಆಟ ಎಲ್ಲಾ ಅಲ್ಲೇ. ಶಾಲೆ ಬಿಟ್ಟು ಆಡಿದ್ದಲ್ಲ, ಶಾಲೆಗೆ ಸೇರಿ ಆಡಿದ್ದು. ಅರ್ಧ ಕಥೆ ಹೇಳಿ ಹುಡುಗ್ರನ್ನ ಹುರಿದುಂಬಿಸಬೇಡ್ರಿ.

ಜೋಳದ ರೊಟ್ಟಿ ರಾಯಚೂರು
ಹುರಿದುಂಬಿಸ್ಲಿಕ್ಕೆ ಹೇಳಿಲ್ಲ ಅಣ್ಣ. ನಮ್ಮ ಕಡಿ ಹುಡುಗ ಏನರೆ ಬ್ಯಾರೆ ಮಾಡ್ತೀನಿ ಅಂದ್ರ ಮೊದಲ್ನೇ ಮಾತೇ ಬ್ಯಾಡ ಅಂತ ಬರ್ತದ, ಅದಕ್ಕ ಹೇಳ್ದೆ. ನನಗೂ ಹಂಗೇ ಆಗ್ಯದ. ಹಾಕಿ ಆಡ್ತಿದ್ದೆ.

ರಾಯಚೂರಿನವ, ಸದ್ಯ ಕೊವೆಂಟ್ರಿ
ನಾನು ಇಂಗ್ಲೆಂಡಿನ ಕೊವೆಂಟ್ರಿ ಊರಾಗ ಇದ್ದೀನಿ, ಗಾಡಿ ತಯಾರಿ ಕಂಪನಿ ಕೆಲಸ. ಇಲ್ಲಿ ಕಣ್ಣಾರೆ ನೋಡಿದ್ದು ಹೇಳ್ತೀನಿ, ಸ್ವಲ್ಪ ಉದ್ದ ಆಗ್ತದ, ಬ್ಯಾಸರ ಮಾಡ್ಕೋಬ್ಯಾಡ್ರಿ.

ನಮ್ಮೂರಾಗ ವಾಸ್ಪ್ಸ್ ಅಂತ ಕ್ಲಬ್ ಇತ್ತು, ಲಂಡನ್ನಿಂದ 2014ರಾಗ ಇಲ್ಲಿಗೆ ಬಂದಿತ್ತು. ಹಳೇ ಹೆಸರು, ಯುರೋಪ್ ಕಪ್ ಎರಡು ಸಲ ಗೆದ್ದದ್ದು, 2004 ಮತ್ತ 2007. ನಮ್ಮ ಆಫೀಸಿನ ಹುಡುಗ್ರ ಜತಿ ನಾನೂ ಸ್ಟೇಡಿಯಂಗೆ ಹೋಗ್ತಿದ್ದೆ. 2022ರ ಅಕ್ಟೋಬರ್‌ನಲ್ಲಿ ಕ್ಲಬ್ ಸಾಲದಾಗ ಮುಳುಗಿ ಆಡಳಿತಾಧಿಕಾರಿಗಳ ಕೈಗೆ ಹೋಯ್ತು, ಒಂದೇ ದಿನ ಆಟಗಾರರು ಕೋಚು ಸಿಬ್ಬಂದಿ ಎಲ್ಲಾರ ನೌಕರಿ ಹೋಯ್ತು. ಅದಕ್ಕೂ ತಿಂಗಳ ಮೊದಲು ವೂಸ್ಟರ್ ಕ್ಲಬ್ಬಿಂದು ಅದೇ ಗತಿ, ಮರುವರ್ಷ ಜೂನ್‌ನಲ್ಲಿ ಲಂಡನ್ ಐರಿಷ್. ಒಂದು ವರ್ಷದೊಳಗ ಇಂಗ್ಲೆಂಡಿನ ದೊಡ್ಡ ಲೀಗಿನ ಮೂರು ಕ್ಲಬ್. ಸೀಸನ್ ಶುರು ಆಗಿಬಿಟ್ಟಿತ್ತು, ಉಳಿದ ಕ್ಲಬ್ಬುಗಳಾಗ ಜಾಗ ಭರ್ತಿ ಆಗಿತ್ತು. ಮನಿ ಕಂತು ಕಟ್ಟೋರು, ಸಣ್ಣ ಮಕ್ಕಳಿದ್ದೋರು ಎಲ್ಲಿ ಸಿಗ್ತದೋ ಅಲ್ಲಿಗೆ, ಸಿಕ್ಕಷ್ಟಕ್ಕೆ ಹೋದ್ರು.

ಸಂಬಳದ ಮಾತು. ಈ ಲೀಗಿನಾಗ ಒಂದು ಕ್ಲಬ್ ಎಲ್ಲಾ ಆಟಗಾರರಿಗೆ ಸೇರಿ ವರ್ಷಕ್ಕ ಇಷ್ಟೇ ಖರ್ಚು ಮಾಡ್ಬೇಕಂತ ಮಿತಿ ಅದ, 2024-25ರಾಗ ಅದು 64 ಲಕ್ಷ ಪೌಂಡ್. ಕೇಳ್ಲಿಕ್ಕೆ ದೊಡ್ಡದು. ಆದ್ರ ಅದು ಹಂಚಿ ಹೋಗೋದು ಒಂದು ದೊಡ್ಡ ಪಡೆಗೆ, ಹೆಸರು ಮಾಡಿದ ಒಬ್ಬಿಬ್ಬರು ಜಾಸ್ತಿ ಒಯ್ದು ಉಳಿದೋರಿಗೆ ಉಳಿದದ್ದು. ಕರಾರು ಒಂದು ವರ್ಷ, ಎರಡು ವರ್ಷ, ಬಾಳಂದ್ರ ಮೂರು. ಮೂವತ್ತು ದಾಟಿದ ಮ್ಯಾಲೆ ಪ್ರತಿ ಕರಾರೂ ಕೊನೇದೇ ಅಂತ ತಿಳ್ಕೊಂಡು ಆಡ್ಬೇಕು. ಮೂವತ್ತೈದು ಮುಟ್ಟಿದೋನೇ ಪುಣ್ಯವಂತ.

ಅಂದಮ್ಯಾಲೆ ಇದು ಕೆಟ್ಟ ಉದ್ಯೋಗ ಅಂತ ನಾ ಹೇಳ್ತಿಲ್ಲ. ನಾಲ್ಕು ಡಿಗ್ರಿ ಚಳಿಯಾಗ, ಮಳಿಯಾಗ, ಮೈತುಂಬ ಕೆಸರಾಗಿ ಎಂಟು ಜನ ಒಬ್ಬರ ಭುಜಕ್ಕೊಬ್ಬರು ಭುಜ ಕೊಟ್ಟು ಸ್ಕ್ರಮ್ ತಳ್ಳೋದು ನೋಡಿದ್ರ ಕಾರ ಹುಣ್ಣಿವಿ ದಿನ ಕಲ್ಲು ಎಳಿಯೋ ಜೋಡಿ ಎತ್ತು ನೆನಪಾಗ್ತಾವ. ನನಗ ಈ ಆಟದ ಮ್ಯಾಲೆ ಭಾಳ ಪ್ರೀತಿ ಅದ. ಪ್ರೀತಿ ಇರೋದಕ್ಕೇ ಖರೇ ಹೇಳ್ಬೇಕು ಅನಸ್ತು.

ಎಡದಂಡೆ ನಾಲೆ
ಕೂಲಿ ಮಾತು ಬಂತಲ್ಲ, ರಗ್ಬಿ ಇತಿಹಾಸದಾಗ ಕೂಲಿದೇ ಒಂದು ದೊಡ್ಡ ಜಗಳ ಐತಿ. 1895ರ ಆಗಸ್ಟ್ 29ಕ್ಕ ಇಂಗ್ಲೆಂಡಿನ ಹಡರ್ಸ್‌ಫೀಲ್ಡ್‌ನ ಒಂದು ಹೋಟೆಲ್‌ನ್ಯಾಗ ಉತ್ತರದ ಕಡಿ ಕ್ಲಬ್ಬುಗಳು ಸೇರಿ ದೊಡ್ಡ ಸಂಘದಿಂದ ಹೊರಗ ಬಂದ್ವು. ಅಲ್ಲಿ ಆಡೋರು ಕಲ್ಲಿದ್ದಲು ಗಣಿ, ಬಟ್ಟಿ ಮಿಲ್ಲಿನ ಕೆಲಸಗಾರ್ರು. ಶನಿವಾರ ಮ್ಯಾಚ್ ಆಡಿದ್ರ ಆ ಹೊತ್ತಿನ ಕೂಲಿ ಹೋಗ್ತಿತ್ತು. ಆ ಕೂಲಿಯಷ್ಟಾದ್ರೂ ತುಂಬಿ ಕೊಡ್ರಿ ಅಂದ್ರು, ದೊಡ್ಡೋರು ಇಲ್ಲ ಅಂದ್ರು, ರೊಕ್ಕ ಮುಟ್ಟಿದ್ರ ಆಟ ಮೈಲಿಗಿ ಆಗ್ತೈತಿ ಅನ್ನೋ ಥರ. ಹಂಗ ಹೊರಗ ಬಂದೋರ ಆಟನೇ ಮುಂದ ರಗ್ಬಿ ಲೀಗ್ ಅಂತ ಬ್ಯಾರೆ ಆಟ ಆತು, 13 ಜನರದು. ಯೂನಿಯನ್‌ನೋರು ಮುಕ್ತವಾಗಿ ಸಂಬಳ ಕೊಡಬಹುದು ಅಂತ ಒಪ್ಪಿದ್ದು 1995ರ ಆಗಸ್ಟ್‌ನ್ಯಾಗ. ಬರೋಬ್ಬರಿ ನೂರು ವರ್ಷ.

ನಮ್ಮಪ್ಪ ಸಂಡೂರು ಗಣಿ ಲಾರಿ ಓಡಿಸ್ತಿದ್ದ, ವಾಲಿಬಾಲ್ ಚಲೋ ಆಡ್ತಿದ್ದ. ಟೂರ್ನಮೆಂಟ್ ಇದ್ದ ದಿನ ಟ್ರಿಪ್ ಹೋಗ್ತಿತ್ತು. ಒಂದಿನ ಅವ್ವ ಅಕ್ಕಿ ಡಬ್ಬಿ ತೆಗದು ತೋರಿಸಿದ್ಲು, ಏನೂ ಮಾತಾಡ್ಲಿಲ್ಲ. ಅವತ್ತಿಂದ ಅಪ್ಪ ಆಡ್ಲಿಲ್ಲ. ಅದಕ್ಕ ಈ ಹಡರ್ಸ್‌ಫೀಲ್ಡ್ ಕಥಿ ಓದಿದಾಗೆಲ್ಲಾ ನನಗ ಅದೇ ಡಬ್ಬಿ ಕಾಣ್ತೈತಿ.

ಹಟ್ಟಿ ಹುಡುಗ
ಅಣ್ಣ ಭಾಳ ಚಲೋ ಬರದ್ರಿ.

ಕಂಪ್ಲಿ ಗರಡಿ
ಕಾರಟಗಿ ಅಣ್ಣ, ಹುಡುಗನ ಕಿವಿ ನೋಡಿದ್ಯಾ? ಮುದುಡಿದ್ರೆ ಈಗಲೇ ಡಾಕ್ಟರ್‌ಗೆ ತೋರಿಸು. ನಮ್ಮ ಗರಡಿಯಲ್ಲಿ ಹಳೇ ಪೈಲ್ವಾನ್ರದ್ದು ಕಿವಿ ಹಂಗೇ ಇರೋದು, ತಿಕ್ಕಾಡಿ ತಿಕ್ಕಾಡಿ ಒಳಗೆ ರಕ್ತ ಕಟ್ಟಿ ಗಟ್ಟಿ ಆಗಿಬಿಡುತ್ತೆ. ರಗ್ಬಿಯವರಿಗೂ ಅದೇ ಆಗುತ್ತಂತೆ, ಸ್ಕ್ರಮ್‌ನಲ್ಲಿ ತಲೆಗೆ ತಲೆ ಉಜ್ಜಿ. ತಾಜಾ ಇದ್ದಾಗ ರಕ್ತ ತೆಗೆಸಿದ್ರೆ ಸರಿ ಹೋಗುತ್ತೆ.

ಫಿಸಿಯೋ, ಬಳ್ಳಾರಿ
ಕಿವಿಗಿಂತ ಒಳಗಿಂದು ಕೇಳಿ ಸರ್. ತಲೆಗೆ ಏಟು ಬಿದ್ದಿದೆಯಾ ಅಂತ ಹುಡುಗನ್ನ ಕೂರಿಸ್ಕೊಂಡು ಕೇಳಿ. ನಾನು ಕಬಡ್ಡಿ, ಕುಸ್ತಿ ಮಕ್ಕಳನ್ನ ನೋಡ್ತೀನಿ, ಮೊಣಕಾಲು ಭುಜ ಅಂದ್ರೆ ತಾವೇ ಬರ್ತಾರೆ, ತಲೆ ಏಟು ಮಾತ್ರ ಯಾರೂ ಹೇಳಲ್ಲ, ಯಾಕಂದ್ರೆ ಹೊರಗೆ ಏನೂ ಕಾಣಲ್ಲ.

2003ರಲ್ಲಿ ವರ್ಲ್ಡ್ ಕಪ್ ಗೆದ್ದ ಇಂಗ್ಲೆಂಡ್ ತಂಡದಲ್ಲಿ ಸ್ಟೀವ್ ಥಾಂಪ್ಸನ್ ಅಂತ ಹೂಕರ್, ಅಂದ್ರೆ ಸ್ಕ್ರಮ್‌ನ ಮುಂದಿನ ಸಾಲಿನ ನಡುವೆ ನಿಲ್ಲೋನು. 2020ರ ಡಿಸೆಂಬರ್‌ನಲ್ಲಿ, 42ನೇ ವಯಸ್ಸಿಗೆ, ತನಗೆ ಡಿಮೆನ್ಷಿಯಾ ಅಂತ ಹೇಳ್ಕೊಂಡ್ರು. ಆ ಕಪ್ ಗೆದ್ದಿದ್ದೇ ಅವರಿಗೆ ನೆನಪಿಲ್ಲ. ವಿಡಿಯೋ ನೋಡಿದ್ರೂ ತಾನು ಅಲ್ಲಿದ್ದೆ ಅಂತ ನೆನಪಾಗಲ್ಲ. ಅದಾದ್ಮೇಲೆ ನೂರಾರು ಮಾಜಿ ಆಟಗಾರರು ಕೋರ್ಟಿಗೆ ಹೋಗಿದ್ದಾರೆ.

ಈಗ ಮೇಲ್ಮಟ್ಟದಲ್ಲಿ ಎಚ್ಚರ ಜಾಸ್ತಿ ಆಗಿದೆ. ಅನುಮಾನ ಬಂದ್ರೆ ಮೈದಾನದಿಂದ ಹೊರಗೆ ಕರ್ಕೊಂಡು ಹೋಗಿ ತಪಾಸಣೆ ಮಾಡ್ತಾರೆ, 2024ರಿಂದ ಹಲ್ಲಿಗೆ ಹಾಕೋ ಗಾರ್ಡ್‌ನಲ್ಲೇ ಸೆನ್ಸರ್ ಇದೆ, ಏಟಿನ ಜೋರು ಅಳೆಯುತ್ತೆ. ಆದ್ರೆ ಅದೆಲ್ಲ ಟಿವಿಯಲ್ಲಿ ಬರೋ ಮ್ಯಾಚ್‌ಗೆ. ಕಾಲೇಜು ಹುಡುಗ್ರ ಮ್ಯಾಚ್‌ನಲ್ಲಿ ಒಂದು ಐಸ್ ಚೀಲ ಇದ್ರೆ ಹೆಚ್ಚು.

ಶಕ್ತಿನಗರ ಶಿಫ್ಟ್
ಕೇಂದ್ರ ಸರ್ಕಾರದ ಸ್ಪೋರ್ಟ್ಸ್ ಕೋಟಾದ ಆಟಗಳ ಪಟ್ಟಿ 2020ರಾಗ 43ರಿಂದ 63ಕ್ಕ ಏರ್ಯದ, ಅದ್ರಾಗ ರಗ್ಬಿನೂ ಅದ. ನ್ಯಾಷನಲ್ ಗೇಮ್ಸ್ 2022ರಾಗ ಗುಜರಾತ್‌ನಲ್ಲಿ ಸೆವೆನ್ಸ್ ಇತ್ತು. ರಾಜ್ಯದ ಪರ ಆಡಿ ಸರ್ಟಿಫಿಕೇಟ್ ತಗೊಂಡ್ರ ರೈಲ್ವೆ ಅಂಚೆ ಅಂತ ನೌಕರಿಗೆ ಅರ್ಜಿ ಹಾಕ್ಲಿಕ್ಕೆ ಬರ್ತದ. ಆದ್ರ ಬಹಳಷ್ಟು ಹುದ್ದೆಗೆ ಪಿಯುಸಿ, ಡಿಗ್ರಿ ಕೇಳ್ತಾರ. ಡಿಗ್ರಿ ಬಿಟ್ಟೋನಿಗೆ ಈ ಬಾಗಿಲೂ ಅರ್ಧ ಮುಚ್ಚಿದಂಗ. ಒಡಿಶಾ, ಬಿಹಾರದ ಹಳ್ಳಿ ಹೆಣ್ಣುಮಕ್ಕಳು ಈ ಆಟದಾಗ ನಮಗಿಂತ ಎಷ್ಟೋ ಮುಂದ ಹೋಗ್ಯಾರ, ಅದನ್ನೂ ಹುಡುಗನಿಗೆ ಹೇಳ್ರಿ.

ಕುಷ್ಟಗಿ ರೋಡ್
ತೋರಣಗಲ್ಲಿನಾಗ ದೊಡ್ಡ ಸ್ಪೋರ್ಟ್ಸ್ ಸಂಸ್ಥೆ ಐತಲ್ಲ, ಅಲ್ಲಿ ಸೇರಿಸ್ರಿ.

ಸಿಂಧನೂರು ಪಿಟಿ ಮೇಷ್ಟ್ರು
ಅಲ್ಲಿ ಕುಸ್ತಿ, ಬಾಕ್ಸಿಂಗ್, ಜೂಡೋ, ಅಥ್ಲೆಟಿಕ್ಸ್ ಅಂಥಾವು ಅದಾವ ತಮ್ಮಾ, ರಗ್ಬಿಗೆ ಬೆಂಗಳೂರೇ ಗತಿ.

ಕುಷ್ಟಗಿ ರೋಡ್
ಬ್ರಿಟಿಷರು ನಮ್ಮ ದೇಶದಾಗ ಆಡೇ ಇಲ್ಲೇನು ಹಂಗಾರ?

ರಾಯಚೂರಿನವ, ಸದ್ಯ ಕೊವೆಂಟ್ರಿ
ಆಡ್ಯಾರ. ಕಲ್ಕತ್ತಾದಾಗ ಕ್ಲಬ್ ಇತ್ತು. ಅದು ಮುಚ್ಚುವಾಗ ಬ್ಯಾಂಕಿನಾಗ ಉಳಿದ ಬೆಳ್ಳಿ ರೂಪಾಯಿ ತೆಗದು ಕರಗಿಸಿ ಒಂದು ಕಪ್ ಮಾಡಿಸಿ 1878ರಾಗ ಇಂಗ್ಲೆಂಡಿಗೆ ಕೊಟ್ರು. ಹಿಡಿಕಿ ಮೂರೂ ನಾಗರಹಾವಿನ ಆಕಾರ, ಮುಚ್ಚಳದ ಮ್ಯಾಲೆ ಆನಿ. ಇವತ್ತಿಗೂ ಇಂಗ್ಲೆಂಡ್ ಸ್ಕಾಟ್ಲೆಂಡ್ ಆಡೋದು ಆ ಕಲ್ಕತ್ತಾ ಕಪ್ಪಿಗೇ. ನಮ್ಮ ರೂಪಾಯಿದೇ ಕಪ್, ನಮ್ಮ ದೇಶದ ಗಂಡಸರ ತಂಡ ಮೊದಲ ಅಂತಾರಾಷ್ಟ್ರೀಯ ಪಂದ್ಯ ಆಡಿದ್ದು ಮಾತ್ರ 1998ರಾಗ. ಸಿನಿಮಾ ನಟ ರಾಹುಲ್ ಬೋಸ್ ಆ ತಂಡದಾಗ ಇದ್ರು.

ಕಾರಟಗಿ ಮಾವ
ನಿನ್ನೆ ರಾತ್ರಿ ಫೋನ್ ಮಾಡಿದ್ದೆ. ಫಿಸಿಯೋ ಅಕ್ಕಾರು ಹೇಳಿದಂಗ ಕೇಳಿದೆ. ಮೊದ್ಲು ಏನಿಲ್ಲ ಮಾವ ಅಂದ. ನಾನು ಸುಮ್ನೆ ಫೋನ್ ಹಿಡ್ಕೊಂಡೆ. ಸ್ವಲ್ಪ ಹೊತ್ತು ಬಿಟ್ಟು ತಾನೇ ಹೇಳಿದ.

ಹನ್ನೆರಡು ದಿನದ ಹಿಂದ ಒಂದು ಮ್ಯಾಚ್‌ನ್ಯಾಗ ಎದುರಿನವನ ಮೊಣಕಾಲು ಇವನ ಕಪಾಳಕ್ಕ ಬಡದೈತಿ. ಬಿದ್ದಾನ, ಎದ್ದಾನ, ಆಡ್ಯಾನ. ಎರಡನೇ ಹಾಫ್ ಏನಾತಂತ ಅವನಿಗೆ ಗೊತ್ತಿಲ್ಲ, ಮೊಬೈಲ್‌ನ್ಯಾಗ ದೋಸ್ತ ತೆಗದ ವಿಡಿಯೋ ನೋಡಿ ತಾನು ಟ್ರೈ ಹೊಡದಿದ್ದು ತಿಳ್ಕೊಂಡಾನ. ಅವತ್ತ ಸಂಜಿ ಅವ್ವಗ ಎರಡು ಸಲ ಫೋನ್ ಮಾಡಿ ಎರಡೂ ಸಲ ಅದೇ ಮಾತು ಆಡ್ಯಾನ. ನಮ್ಮಕ್ಕ ಅವತ್ತೇ ಅಂದಿದ್ಲು, ಇವನ್ಯಾಕೋ ಹಂಗ ಮಾತಾಡಿದ ಅಂತ, ನಿದ್ದಿಗೆಟ್ಟಿರಬೇಕು ಬಿಡು ಅಂದಿದ್ದೆ ನಾನು. ಇನ್ನೂ ಬೆಳಕಿಗೆ ತಲಿ ನೋಯ್ತೈತಂತ. ಕೋಚಿಗೆ ಹೇಳಿಲ್ಲ, ಬರೋ ಐತ್ವಾರ ಸೆಲೆಕ್ಷನ್ ಟ್ರಯಲ್ ಐತಿ, ಹೇಳಿದ್ರ ಕೂರಿಸಿಬಿಡ್ತಾರ ಅಂತ.

ಇದನ್ನ ಟೈಪ್ ಮಾಡುವಾಗ್ಲೂ ನನ್ನ ಕೈ ನಡಗ್ತಾವ.

ಫಿಸಿಯೋ, ಬಳ್ಳಾರಿ
ಸರ್, ಟ್ರಯಲ್ ಬೇಡ. ಪ್ರಾಕ್ಟೀಸೂ ಬೇಡ. ನಾಳೆನೇ ಬೆಂಗಳೂರಲ್ಲಿ ನರರೋಗ ಡಾಕ್ಟರ್‌ಗೆ ತೋರಿಸ್ಲಿ, ಜೊತೆಗೆ ಯಾರಾದ್ರೂ ಹೋಗ್ಲಿ, ಒಬ್ಬನೇ ಬೈಕ್ ಓಡಿಸೋದು ಬೇಡ. ತಲೆನೋವು ಜಾಸ್ತಿ ಆದ್ರೆ, ವಾಂತಿ ಆದ್ರೆ, ಮಾತು ತೊದಲಿದ್ರೆ, ಕೈಕಾಲು ಸೋತಂಗಾದ್ರೆ, ಮಂಪರು ಹತ್ತಿದ್ರೆ ಕಾಯ್ಬೇಡಿ, ನೇರ ಎಮರ್ಜೆನ್ಸಿ. ಹನ್ನೆರಡು ದಿನ ಆದ್ರೂ ಬೆಳಕಿಗೆ ನೋವು ಅಂದ್ರೆ ಇನ್ನೂ ವಾಸಿ ಆಗಿಲ್ಲ ಅಂತ ಅರ್ಥ, ವಾಸಿ ಆಗದೇ ಇದ್ದಾಗ ಎರಡನೇ ಏಟು ಬಿದ್ರೆ ಪ್ರಾಣಕ್ಕೇ ಅಪಾಯ. ಪೂರ್ತಿ ಹೋದ್ಮೇಲೆ ಮೊದ್ಲು ನಡಿಗೆ, ಆಮೇಲೆ ಓಟ, ಆಮೇಲೆ ಚೆಂಡು, ಕೊನೆಗೆ ಟ್ಯಾಕಲ್, ಅಂದ್ರೆ ಎದುರಿನವನನ್ನ ಹಿಡಿದು ಬೀಳಿಸೋದು, ಡಾಕ್ಟರ್ ಒಪ್ಪಿದ್ರೆ ಮಾತ್ರ.

ಅವನಿಗೆ ಬೈಬೇಡಿ. ನಿಮಗೆ ಹೇಳಿದ್ನಲ್ಲ, ಅದು ದೊಡ್ಡದು.

ಜೋಳದ ರೊಟ್ಟಿ ರಾಯಚೂರು
ನಾನು ಬಿಡ್ರಿ ಬಿಡ್ರಿ ಅಂತ ಜೋರು ಮಾಡಿದ್ದೆ. ಈ ಮಾತು ಗೊತ್ತಿದ್ರ ಹಂಗ ಬರೀತಿದ್ದಿಲ್ಲ. ಹುಡುಗ ಆರಾಮ ಆಗ್ಲಿ ಮೊದ್ಲು. ಟ್ರಯಲ್ ತಪ್ಪಿದ್ರ ಎಲ್ಲಾ ಮುಗೀತು ಅಂತ ಅನಸ್ತಿರ್ತದ ಅವನಿಗೆ, ಅದಕ್ಕ ಇದು ತೋರಿಸ್ರಿ. ಇಂಗ್ಲೆಂಡಿನ ಜಾನಿ ವಿಲ್ಕಿನ್ಸನ್ 2003ರ ಫೈನಲ್‌ನಲ್ಲಿ ಕೊನೇ ಗಳಿಗ್ಯಾಗ ಡ್ರಾಪ್ ಗೋಲ್ (ಕೈಯಾಗಿನ ಚೆಂಡು ನೆಲಕ್ಕ ಬಿಟ್ಟು ಪುಟಿದ ಕೂಡ್ಲೆ ಕಂಬದ ನಡುವ ಒದಿಯೋದು) ಒದ್ದು ಕಪ್ ಗೆಲ್ಲಿಸಿದೋನು, ಅದಾದ ಮ್ಯಾಲೆ ಒಂದರ ಹಿಂದ ಒಂದು ಗಾಯ, ದೇಶದ ಪರ ಮತ್ತ ಆಡಿದ್ದು 2007ರಾಗ. ಮೂರು ವರ್ಷಕ್ಕೂ ಮ್ಯಾಲೆ. 2014ರ ತನಕ ಆಡಿದ.

ಕೋಟೆ ಏರಿಯಾ ಬಳ್ಳಾರಿ
ಇದು ಸರಿಯಾದ ಮಾತು ತಮ್ಮ. ಡಿಗ್ರಿ ವಿಷಯಕ್ಕೂ ಒಂದು ಉದಾಹರಣೆ ಕೊಡ್ತೀನಿ. ವೇಲ್ಸ್‌ನ ಜೆ.ಪಿ.ಆರ್. ವಿಲಿಯಮ್ಸ್ ಆಡ್ತಾ ಆಡ್ತಾನೇ ಡಾಕ್ಟರ್ ಆದ, ಮೂಳೆ ಸರ್ಜನ್.

ಎಡದಂಡೆ ನಾಲೆ
ಅದು ಸಂಬಳ ಇಲ್ಲದ ಕಾಲ ಅಣ್ಣ, ಆಗ ಎಲ್ಲಾರೂ ಏನರ ಕೆಲಸ ಮಾಡ್ಲೇಬೇಕಿತ್ತು. ಈಗ ದಿನಾ ಎರಡೆರಡು ಹೊತ್ತು ತರಬೇತಿ, ಹೆಂಗ ಓದ್ತಾರ?

ಕೋಟೆ ಏರಿಯಾ ಬಳ್ಳಾರಿ
ಅದೇ ವೇಲ್ಸ್‌ನ ಜೇಮಿ ರಾಬರ್ಟ್ಸ್ ಪೂರ್ತಿ ಪ್ರೊಫೆಷನಲ್ ಕಾಲದಲ್ಲೇ ಓದಿ 2013ರಲ್ಲಿ ಎಂಬಿಬಿಎಸ್ ಥರದ ಡಿಗ್ರಿ ಮುಗಿಸ್ದ, ದೇಶಕ್ಕೆ 94 ಟೆಸ್ಟ್ ಆಡ್ದ. ಮೆಡಿಕಲ್ ಅಪ್ಪಾ, ನಮ್ಮ ಹುಡುಗನ್ದು ಬಿಕಾಂ.

ಎಡದಂಡೆ ನಾಲೆ
ಒಪ್ಪಿದೆ ಅಣ್ಣ.

ಕಾರಟಗಿ ಮಾವ
ತಡ ಆತು, ಕ್ಷಮಿಸ್ರಿ. ನಾನೇ ರಾತ್ರಿ ಬಸ್ ಹತ್ತಿ ಬೆಂಗಳೂರಿಗೆ ಹೋಗಿದ್ದೆ. ಡಾಕ್ಟ್ರು ಸ್ಕ್ಯಾನ್ ಮಾಡ್ಸಿದ್ರು, ರಕ್ತ ಏನೂ ಕಟ್ಟಿಲ್ಲ, ದೇವ್ರ ದಯಾ. ಆದ್ರ ತಲಿನೋವು ಪೂರ್ತಿ ಹೋಗೋತನಕ ಆಟ ಬಂದ್, ಮತ್ತ ತೋರಿಸಿದಮ್ಯಾಲೇ ಮೈದಾನ. ಕೋಚ್ ಹತ್ರ ಇಬ್ರೂ ಹೋಗಿ ಹೇಳಿದ್ವಿ. ಟ್ರಯಲ್ ದಿನ ಹುಡುಗ ನನ್ನ ಜತಿಗೆ ಬಸ್ಸಿನಾಗ ಇದ್ದ, ಗಂಗಾವತಿ ತನಕ ಒಂದು ಮಾತಾಡ್ಲಿಲ್ಲ, ಕಿಡಕಿ ಕಡಿ ಮಖ ಮಾಡಿ ಕುಂತಿದ್ದ. ಅವನ ಸಂಕಟ ನನಗ ಗೊತ್ತಾಗ್ತಿತ್ತು, ನಾನೂ ಮಾತಾಡಿಸ್ಲಿಲ್ಲ.

ಮನ್ಯಾಗ ಮೂರು ದಿನ ಕತ್ತಲ ಖೋಲ್ಯಾಗ ಮಲಗಿದ್ದ. ನಾಲ್ಕನೇ ದಿನ ಅವರವ್ವ ತಾನೇ ಆ ಚೆಂಡು ತಗೊಂಡು ಬಂದು ಪಕ್ಕಕ್ಕ ಕುಂತ್ಲು. ಹಿಂದಕ್ಕ ಯಾಕ ಒಗಿತೀರೋ, ಮುಂದ ಹೋಗೋರು ಹಿಂದಕ್ಕ ಯಾಕ ಕೊಡ್ಬೇಕು ಅಂತ ಕೇಳಿದ್ಲು. ಅವ ಎದ್ದು ಕುಂತು ನಾಲ್ಕು ಲೋಟ ಸಾಲಾಗಿ ಇಟ್ಟು, ಇವ ಹಿಡ್ಕೊಂಡು ಓಡ್ತಾನ, ಎದುರಿನಾವ್ರು ಇವನ ಮ್ಯಾಲೆ ಬೀಳ್ತಾರ, ಅಷ್ಟ್ರಾಗ ಹಿಂದ ಓಡಿ ಬರೋನಿಗೆ ಜಾಗ ಸಿಗ್ತೈತಿ ಅಂತ ತೋರಿಸಿದ. ಆಕಿ ನಾಲ್ಕನೇ ಲೋಟ ಎತ್ತಿ ಹಿಡಿದು, ಇದು ನೀನೇನು ಅಂದ್ಲು. ಹೂಂ ಅಂದ.

ಡಿಗ್ರಿ ಮುಗಸ್ತಾನ, ಒಪ್ಯಾನ. ಆಟನೂ ಬಿಡಂಗಿಲ್ಲ, ನಾವೂ ಒಪ್ಪೇವಿ. ತಲಿಗೆ ಏಟು ಬಿದ್ರ ಅವತ್ತೇ ಹೇಳ್ಬೇಕು ಅಂತ ಅವರವ್ವನ ಕೈ ಮುಟ್ಟಿ ಮಾತು ಕೊಟ್ಟಾನ.

ಮೇಷ್ಟ್ರೇ, ಒಂದು ಕೇಳೋದಿತ್ತು. ಬ್ಯಾಸಗಿ ರಜಾದಾಗ ಅವ ಒಂದು ತಿಂಗಳು ಊರಾಗ ಇರ್ತಾನ. ಅಷ್ಟ್ರಾಗ ಡಾಕ್ಟ್ರು ಹೂಂ ಅಂದ್ರ ನಿಮ್ಮ ಸಾಲಿ ಹುಡುಗ್ರಿಗೆ ಪಾಸ್ ಮಾಡೋದು ಕಲಿಸ್ತೀನಿ ಅಂತಾನ. ನಡೀತೈತೇನ್ರಿ?

ಸಿಂಧನೂರು ಪಿಟಿ ಮೇಷ್ಟ್ರು
ಕರ್ಕೊಂಡು ಬರ್ರಿ ಮಾವಾರೆ. ನಮ್ಮ ಗ್ರೌಂಡ್‌ನ್ಯಾಗ ಕಲ್ಲು ಅದಾವ, ಟ್ಯಾಕಲ್ ಬ್ಯಾಡ, ಬೀಳಿಸೋ ಬದ್ಲಿ ಬರೇ ಮುಟ್ಟೋ ಟಚ್ ರಗ್ಬಿ ಆಡ್ಸೋಣ. ಮುಂಜಾನೆ ಆರರಿಂದ ಎಂಟು, ಆಮೇಲೆ ಬಿಸಲಿಗೆ ನಿಲ್ಲಾಕ ಆಗಂಗಿಲ್ಲ. ಹೆಣ್ಣುಮಕ್ಕಳೂ ಬರ್ತಾರ, ಖೋಖೋ ಆಡೋ ಹುಡುಗ್ಯಾರು ಹತ್ತು ಹನ್ನೆರಡು ಜನ ಅದಾರ, ಓಟ ಭಾರಿ ಐತಿ ಅವರ್ದು. ಇಲ್ಲಿ ಅಂಗಡ್ಯಾಗ ಆ ಚೆಂಡು ಸಿಗಂಗಿಲ್ಲ, ಬೆಂಗಳೂರಿಂದ ಬರುವಾಗ ಎರಡು ತರಾಕ ಹೇಳ್ರಿ, ರೊಕ್ಕ ನಾ ಕೊಡ್ತೀನಿ.

ಹಟ್ಟಿ ಹುಡುಗ
ಮೇಷ್ಟ್ರೇ ನಾನೂ ಬರ್ಲೇನ್ರಿ?